ಹೂಮಳೆಯ ಸುದ್ದಿ ತಿಳಿಯದ ನಾಲ್ಕು ಕಾಗದಗಳು

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತಮ್ಮ ಸೈನ್ಯದ ತರಬೇತಿಗೆ ಹೊರಟದ್ದು ಜನವರಿಯ ಒಂದು ಗುರುವಾರ. ನೆನಪು ಶುಕ್ರವಾರವೆನ್ನುತ್ತದೆ, ದಿನಚರಿಯೂ ರೈಲಿನ ಟಿಕೆಟ್ಟೂ ಗುರುವಾರವೆನ್ನುವುದರಿಂದ ನೆನಪನ್ನು ಬದಿಗಿಟ್ಟಿದ್ದೇನೆ. ತಂದೆತಾಯಿಯಿಲ್ಲದ ಅವನನ್ನು ಬೆಳೆಸಿದವಳು ನಾನು. ಬಾಳ್ಳುಪೇಟೆಯ ಸಮೀಪ ನಮಗೆ ಮೂರು ಎಕರೆ ಕಾಫಿಯಿತ್ತು. ಹಾಸನದಲ್ಲಿ ನನಗೆ ಶಾಸನಗಳ ಸಂಶೋಧನೆಯ ಕೆಲಸ. ಅವನು ಹೋದ ಮೇಲೆ, ಸಂಜೆ ಬಸ್ಸಿಳಿದು ಬಂದು ಬೀಗವನ್ನು ನಾನೇ ತೆಗೆಯುವುದು ಎಷ್ಟು ತಿಂಗಳಾದರೂ ಅಭ್ಯಾಸವಾಗಲಿಲ್ಲ.

ಪ್ರತಿ ಭಾನುವಾರ ಅವನು ಬರೆದ ಕಾಗದ ಶನಿವಾರದೊಳಗೆ ನನ್ನ ಕೈ ಸೇರುತ್ತಿತ್ತು. ತಿಥಿಗೂ ವಾರಕ್ಕೂ ತಾಳೆಯಾಗದ ಶಾಸನವನ್ನು ಕೂಟಶಾಸನ, ಅಂದರೆ ಯಾರೋ ಆಮೇಲೆ ಸೃಷ್ಟಿಸಿದ್ದು, ಎಂದು ಶಂಕಿಸುವುದು ನನ್ನ ವೃತ್ತಿ. ಕಾಗದದೊಳಗಿನ ದಿನಾಂಕವನ್ನೂ ಹಾಗೆಯೇ ಅಂಚೆ ಮೊಹರಿನೊಂದಿಗೆ ಹೋಲಿಸುತ್ತಿದ್ದೆ.

"ಏನ್ ಅಕ್ಕಾರೆ, ಕಾಗ್ದಕ್ಕಿಂತ ಮುಂಚೆ ಸೀಲ್ ಓದ್ತೀರಲ್ಲ! ನಾನೇನು ಮನೇಲಿ ಹೊಡ್ಕೊಂಡು ಬತ್ತೀನಾ?" ಎಂದು ಅಂಚೆಯವನು ಕೆಣಕುತ್ತಿದ್ದ.

ಮಾರ್ಚಿನಲ್ಲಿ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಂತು. ಅಂದೇ ಅವನಿಗೆ ಬರೆದೆ. ಮುಂದಿನ ಕಾಗದದಲ್ಲಿ ಅವನು "ಹೂಮಳೆ ಬಂತಾ?" ಎಂದು ಕೇಳಿದ್ದ. ಎರಡು ಕಾಗದಗಳೂ ದಾರಿಯಲ್ಲಿ ಒಂದನ್ನೊಂದು ಹಾದುಹೋಗಿರಬೇಕು ಎಂದುಕೊಂಡೆ. ಅದರ ಮುಂದಿನ ವಾರವೂ ಅದೇ: "ಮಳೆ ತಡವಾದರೆ ಪಂಪು ಹಚ್ಚಿಸು." ಆ ಹೊತ್ತಿಗೆ ಹೂ ಅರಳಿ, ಬಾಡಿ, ಕಂದು ಬಣ್ಣಕ್ಕೆ ತಿರುಗಿತ್ತು. ನಮ್ಮ ಕಡೆ ಹೂಮಳೆ ಬಂತೆಂದರೆ ಎಷ್ಟು ಇಂಚು ಎಂದು ಕೇಳದೆ ಯಾರೂ ಮಾತು ಮುಂದುವರಿಸುವುದಿಲ್ಲ. ಕಾಫಿ ಗಿಡಗಳ ನಡುವೆ ಬೆಳೆದವನು ಕೇಳಲಿಲ್ಲ. ದಿನಾಂಕಗಳು ಮಾತ್ರ ಮೊಹರಿಗೆ ಸರಿಯಾಗಿ ಹೊಂದುತ್ತಿದ್ದವು.

ನಾನು ಪರೀಕ್ಷೆಯೊಂದನ್ನು ಒಡ್ಡಿದೆ. "ನಿನ್ನ ನಾಯಿಯನ್ನು ಚಿರತೆ ಹೊತ್ತೊಯ್ದಿತು" ಎಂದು ಸುಳ್ಳು ಬರೆದೆ. ಹೂಮಳೆಯ ಮೇಲೆ ಬಂದ ಮೂರನೆಯ ಕಾಗದದಲ್ಲಿ ಅದರ ಪ್ರಸ್ತಾಪವಿರಲಿಲ್ಲ. ನನ್ನದು ತಲುಪುವ ಮೊದಲೇ ಅದು ಹೊರಟಿದ್ದಿರಬಹುದು. ನಾಲ್ಕನೆಯದರಲ್ಲಿ "ಸೆಕೆ ಹೆಚ್ಚಿದೆ, ನಾಯಿಗೆ ಮಜ್ಜಿಗೆ ಅನ್ನ ಹಾಕು" ಎಂದಿತ್ತು.

ಅಕ್ಷರ ಅವನದೇ, ಸಂದೇಹವಿಲ್ಲ. ಆದರೆ ನನ್ನ ಕಾಗದಗಳನ್ನು ಅವನು ಓದುತ್ತಿಲ್ಲ. ತರಬೇತಿ ಬಿಟ್ಟು ಓಡಿಹೋಗಿದ್ದಾನೆಯೇ? ಆಸ್ಪತ್ರೆಯಲ್ಲಿ ಮಲಗಿಸಿ, ಮೊದಲೇ ಬರೆಸಿಟ್ಟದ್ದನ್ನು ಯಾರಾದರೂ ಕಳುಹಿಸುತ್ತಿದ್ದಾರೆಯೇ? ರಜೆಗೆ ಅರ್ಜಿ ಹಾಕಿ, ಅವನಿದ್ದಲ್ಲಿಗೆ ಹೊರಡಲು ಚೀಲ ತುಂಬಿಟ್ಟೆ.

ಹೊರಡುವ ಹಿಂದಿನ ದಿನ ಪೆನ್ಸಿಲಿನಲ್ಲಿ ಗೀಚಿದ ಕಾಗದ ಬಂತು. "ಅಕ್ಕಾ, ನಾಲ್ಕು ವಾರ ನಮ್ಮನ್ನು ಗುಡ್ಡದ ಮೇಲಿನ ಶಿಬಿರಕ್ಕೆ ಕರ್ಕೊಂಡು ಹೋಗಿದ್ರು. ಅಲ್ಲಿಗೆ ಟಪಾಲಿಲ್ಲ. ಕಾಗದ ಬರ್ಲಿಲ್ಲ ಅಂದ್ರೆ ನೀನು ಒಬ್ಳೇ ಊಟ ಬಿಟ್ಟು ಕೂತ್ಕೋತೀಯ ಅಂತ, ನಾಲ್ಕನ್ನೂ ಒಂದೇ ದಿನ ಬರೆದು, ಮುಂದಿನ ಭಾನುವಾರಗಳ ತಾರೀಕು ಹಾಕಿ, ವಾರಕ್ಕೊಂದು ಅಂಚೆಗೆ ಹಾಕು ಅಂತ ಇಲ್ಲಿನ ಅಡುಗೆಮನೆಯವನ ಕೈಗೆ ಕೊಟ್ಟು ಹೋದೆ. ಇವತ್ತು ಬಂದು ನಿನ್ನವನ್ನೆಲ್ಲ ಒಟ್ಟಿಗೆ ಒಡೆದೆ. ಮೊದಲು ಕೈಗೆ ಸಿಕ್ಕಿದ್ದೇ ನಾಯಿದು. ಊಟಕ್ಕೆ ಹೋಗೋಕಾಗ್ಲಿಲ್ಲ."

ನಾಯಿ ಜಗುಲಿಯ ಮೇಲೆ ಮಲಗಿ ನೊಣ ಹಿಡಿಯುತ್ತಿತ್ತು. ಅದು ಬದುಕಿದೆಯೆಂದೂ, ನಾನು ಬರೆದದ್ದು ಸುಳ್ಳೆಂದೂ, ಆ ಸುಳ್ಳಿನ ಕಾರಣವನ್ನೂ ಬರೆದೆ. ಓದಿಕೊಂಡಾಗ, ದುಃಖದಲ್ಲಿರುವ ತಮ್ಮನನ್ನು ಸಂತೈಸಲು ಅಕ್ಕ ಹೆಣೆದ ಕಥೆಯಂತೆಯೇ ಇತ್ತು. ಅವನ ಸ್ಥಾನದಲ್ಲಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಮರುದಿನ ಅಂಚೆಯವನನ್ನು ತಡೆದು ನಿಲ್ಲಿಸಿ, ಕೆಳಗೆ ಸಾಕ್ಷಿಯಾಗಿ ಒಂದು ಸಾಲು ಬರೆಯೆಂದು ಬೇಡಿದೆ.

"ನಾಯಿ ಐತೆ ಅನ್ನಾಕೂ ಸಾಕ್ಷಿ ಬೇಕಾ? ಒಳ್ಳೆ ಅಕ್ಕ ತಮ್ಮ ಕಣ್ರೀ ನೀವು!" ಎಂದು ನಗುತ್ತಲೇ ಅವನು ಬರೆದ: "ನಾಯಿ ಚೆನ್ನಾಗೈತೆ ಕಣಪ್ಪ. ಸೋಮವಾರ ನನ್ನ ಪ್ಯಾಂಟು ಹರಿದು ಹಾಕ್ಬುಡ್ತು."

ಎರಡು ಶನಿವಾರ ಏನೂ ಬರಲಿಲ್ಲ. ಮೂರನೆಯ ಶನಿವಾರ ಬಂದ ಕಾಗದವನ್ನು ಮೊಹರು ನೋಡದೆ ಒಡೆದೆ. ಒಳಗೆ ದಿನಾಂಕವಿರಲಿಲ್ಲ, ಇದ್ದದ್ದು ಎರಡೇ ಸಾಲು.

"ಅಂಚೆಯಣ್ಣ ಬರೆದಿದ್ದನ್ನು ನಂಬಿದ್ದೇನೆ. ನೀನು ಬರೆದಿದ್ದು ತಲುಪಿದೆ."