ನಾನಿಲ್ಲದೆ ಮುಗಿದ ಕ್ಲೋಸ್

2022ರ ಜೂನ್. ರಾಜರಾಜೇಶ್ವರಿನಗರದ ಆಚೆ, ಮೈಸೂರು ರಸ್ತೆಯ ಬದಿಯಲ್ಲಿದ್ದ ಒಂದು ವಿದೇಶಿ ಕಂಪನಿಯ ಫೈನಾನ್ಸ್ ಸೆಂಟರ್‌ನಲ್ಲಿ ನಾನು ಸೀನಿಯರ್ ಅಸೋಸಿಯೇಟ್ ಆಗಿದ್ದೆ. ಸೀನಿಯರ್ ಎಂದ ಮಾತ್ರಕ್ಕೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಆ ಮಹಡಿಯಲ್ಲಿ ಕಲ್ಲೆಸೆದರೆ ಸೀನಿಯರ್ ಅಸೋಸಿಯೇಟ್ ಒಬ್ಬರಿಗೆ ತಾಗುತ್ತಿತ್ತು. ಬಿ.ಕಾಂ. ಮುಗಿಸಿ ಸೇರಿ ಐದು ವರ್ಷವಾಗಿತ್ತು. ಐದೂ ವರ್ಷ ಮಾಡಿದ್ದು ಒಂದೇ ಕೆಲಸ.

ಆ ಕೆಲಸದ ಹೆಸರು ಇಂಟರ್‌ಕಂಪನಿ ರಿಕನ್ಸಿಲಿಯೇಶನ್. ನಮ್ಮ ಕಂಪನಿಗೆ ಬೇರೆ ಬೇರೆ ದೇಶಗಳಲ್ಲಿ ಹನ್ನೊಂದು ಅಂಗಸಂಸ್ಥೆಗಳಿದ್ದವು. ಅವು ತಮ್ಮತಮ್ಮಲ್ಲೇ ಕೊಳ್ಳುತ್ತಿದ್ದವು, ಮಾರುತ್ತಿದ್ದವು. ಒಂದು ಸಂಸ್ಥೆ ಕೊಟ್ಟೆ ಎಂದು ಬರೆದದ್ದನ್ನು ಇನ್ನೊಂದು ತೆಗೆದುಕೊಂಡೆ ಎಂದು ಬರೆದಿರಬೇಕು. ಬರೆದಿರುತ್ತಿರಲಿಲ್ಲ. ಎಲ್ಲಿ ತಾಳೆಯಾಗುತ್ತಿಲ್ಲ ಎಂದು ಹುಡುಕಿ, ಹೊಸ ತಿಂಗಳ ಮೂರನೆಯ ಕೆಲಸದ ದಿನ ಸಂಜೆ ಐದರೊಳಗೆ ಸರಿಪಡಿಸಬೇಕು. ಹೀಗೆ ತಿಂಗಳ ಪುಸ್ತಕ ಮುಚ್ಚುವುದನ್ನೇ ನಾವು ಕ್ಲೋಸ್ ಎನ್ನುತ್ತೇವೆ.

ಇದಕ್ಕಾಗಿ ನಾನೇ ಒಂದು ಎಕ್ಸೆಲ್ ಫೈಲ್ ಕಟ್ಟಿದ್ದೆ. ಯಾವ ದೇಶದವರು ಯಾವ ತಪ್ಪು ಮಾಡುತ್ತಾರೆ, ಯಾವ ವಿನಿಮಯ ದರ ಎಲ್ಲಿ ಹಾಕಬೇಕು, ಎಲ್ಲವೂ ಅದರಲ್ಲಿತ್ತು. ಅದಕ್ಕೊಂದು ಪಾಸ್‌ವರ್ಡ್ ಇತ್ತು. ಆ ಪಾಸ್‌ವರ್ಡ್ ನನ್ನೊಬ್ಬಳಿಗೇ ಗೊತ್ತಿತ್ತು. ಬೇಕೆಂದೇ ಹಾಗೆ ಇಟ್ಟುಕೊಂಡಿದ್ದೆ.

ಆ ಬುದ್ಧಿ ನನಗೆ ಬಂದದ್ದು ಮನೆಯಿಂದ. ಅಪ್ಪ ಕೃಷ್ಣಪ್ಪ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೆಟ್ಟರ್ ಆಗಿದ್ದವರು. ಹೊಸ ಬಿಡಿಭಾಗ ಮಾಡಬೇಕಾದಾಗಲೆಲ್ಲ ಲೇತ್ ಯಂತ್ರವನ್ನು ಅದಕ್ಕೆ ಹೊಂದಿಸಿಕೊಡುವವನು ಸೆಟ್ಟರ್. ಆಮೇಲೆ ಯಾರು ಬೇಕಾದರೂ ಓಡಿಸಬಹುದು. ಆ ಅಳತೆಗಳನ್ನೆಲ್ಲ ಅಪ್ಪ ಒಂದು ಪುಟ್ಟ ಡೈರಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಊಟಕ್ಕೆ ಹೋಗುವಾಗಲೂ ಅದು ಜೇಬಿನಲ್ಲೇ. ಅಲ್ಲಿನ ಸೆಟ್ಟರುಗಳೆಲ್ಲ ಹಾಗೇ ಮಾಡುತ್ತಿದ್ದರಂತೆ. ನಾನು ಕೆಲಸಕ್ಕೆ ಸೇರಿದ ದಿನ ಅಪ್ಪ ಹೇಳಿದ್ದು ಒಂದೇ ಮಾತು: “ನಿನ್ನ ಸೆಟ್ಟಿಂಗ್ ಯಾರಿಗೂ ತೋರಿಸ್ಬೇಡ ಪುಟ್ಟಿ. ಆಗ ಯಾರೂ ನಿನ್ನ ಅಲ್ಲಾಡ್ಸಕ್ಕಾಗಲ್ಲ.”

ಯಾರೂ ಅಲ್ಲಾಡಿಸಲಿಲ್ಲ. ನನ್ನ ಜೊತೆ ಸೇರಿದವರು ಬಜೆಟ್ ತಂಡಕ್ಕೆ, ಆಡಿಟ್‌ಗೆ, ಸಿಂಗಪುರಕ್ಕೆ ಹೋದರು. ನಾನು ದಿನವೂ ಮೂಡಲಪಾಳ್ಯದಿಂದ ಅತ್ತಿಗುಪ್ಪೆಗೆ ಶೇರ್ ಆಟೊ, ಅಲ್ಲಿಂದ ಮೆಟ್ರೊ, ಮತ್ತೆ ಅದೇ ಕುರ್ಚಿ. ಭಾನುವಾರ ಮಧ್ಯಾಹ್ನವಾದರೆ ಸೋಮವಾರದ ಯೋಚನೆ ಶುರುವಾಗುತ್ತಿತ್ತು. ಇಪ್ಪತ್ತೇಳಕ್ಕೇ ಮುದುಕಿಯಾದೆನಲ್ಲ ಅನ್ನಿಸುತ್ತಿತ್ತು.

ಆ ಜೂನ್‌ನಲ್ಲಿ ನನ್ನ ಮುಂದೆ ಎರಡು ದಾರಿ ಇದ್ದವು. ವೈಟ್‌ಫೀಲ್ಡ್‌ನ ಒಂದು ಕಂಪನಿ ಶೇಕಡ 35ರಷ್ಟು ಹೆಚ್ಚು ಸಂಬಳ ಕೊಡಲು ಒಪ್ಪಿತ್ತು. ಆದರೆ ಅಲ್ಲೂ ಇದೇ ರಿಕನ್ಸಿಲಿಯೇಶನ್. ಸಂದರ್ಶನದಲ್ಲಿ, “ಇದು ಬಿಟ್ಟು ಬೇರೇನು ಬರುತ್ತೆ ನಿಮಗೆ?” ಎಂದು ಕೇಳಿದಾಗ ನಾನು ಮತ್ತೆ ಅದೇ ಎಕ್ಸೆಲ್ ಫೈಲ್ ಬಗ್ಗೆಯೇ ಹೇಳಿದೆ. ಎರಡನೆಯದು, ನಮ್ಮಲ್ಲೇ ಖಾಲಿಯಿದ್ದ ಎಫ್‌ಪಿ&ಎ ಹುದ್ದೆ. ಮುಗಿದ ತಿಂಗಳ ಲೆಕ್ಕ ಬಿಟ್ಟು ಮುಂದಿನ ವರ್ಷ ಏನಾಗಬಹುದೆಂದು ಅಂದಾಜು ಮಾಡುವ ತಂಡ ಅದು. ಅಕ್ಟೋಬರ್‌ನಲ್ಲಿ ತುಂಬಬೇಕಿತ್ತು. ನನಗೆ ಬೇಕಾಗಿದ್ದು ಅದೇ.

ಒಂದು ಶುಕ್ರವಾರ ನಮ್ಮ ಮ್ಯಾನೇಜರ್ ರಘುನಂದನ್ ಅವರ ಕ್ಯಾಬಿನ್‌ಗೆ ಹೋಗಿ ಕೇಳಿದೆ.

“ನೋಡಮ್ಮ ಸೌಮ್ಯ, ನೀನು ಹೋದ್ರೆ ಕ್ಲೋಸ್ ಯಾರು ಮಾಡ್ತಾರೆ? ನಿನ್ನಂಥೋರು ಇನ್ನೊಬ್ರಿಲ್ಲ. ಮುಂದಿನ ವರ್ಷ ನೋಡೋಣ.”

ಈ ಮಾತನ್ನು ಕೇಳಿದ್ದು ಮೂರನೆಯ ಸಲ. ಮೊದಲ ಸಲ ಖುಷಿಯಿಂದ ಉಬ್ಬಿಹೋಗಿದ್ದೆ. ಈ ಸಲ ಕಣ್ಣಲ್ಲಿ ನೀರು ತುಂಬಿತು. ವೈಟ್‌ಫೀಲ್ಡ್‌ನವರಿಗೆ ಸೋಮವಾರ ಉತ್ತರ ಕೊಡಬೇಕಿತ್ತು. ಹೋಗಿಯೇ ಬಿಡುವುದು ಎಂದು ತೀರ್ಮಾನಿಸಿದೆ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ರಘುನಂದನ್ ಅಂದದ್ದನ್ನೂ ನನ್ನ ತೀರ್ಮಾನವನ್ನೂ ಹೇಳಿದೆ. ಅಪ್ಪನ ಮುಖ ಅರಳಿತು. “ನಂಗೂ ಹಂಗೇ ಅಂದಿದ್ರು!” ಎಂದು ಹಳೆಯ ಕಥೆ ತೆಗೆದರು. ನಮ್ಮ ಬಂಧುಬಳಗಕ್ಕೆಲ್ಲ ಬಾಯಿಪಾಠವಾದ ಕಥೆ ಅದು. ಫೋರ್‌ಮನ್ ಹುದ್ದೆ ಖಾಲಿಯಾದಾಗ ವರ್ಕ್ಸ್ ಮ್ಯಾನೇಜರ್ ಅಪ್ಪನನ್ನು ಕರೆದು, “ಕೃಷ್ಣಪ್ಪ, ಆ ಮಿಷನ್ ಬಿಟ್ಟು ನಿಮ್ಮನ್ನ ಕದಲಿಸಕ್ಕಾಗಲ್ಲ” ಎಂದರಂತೆ. ಎಷ್ಟು ಮದುವೆ ಮನೆಗಳಲ್ಲಿ ಅಪ್ಪ ಇದನ್ನು ಎದೆಯುಬ್ಬಿಸಿ ಹೇಳಿದ್ದರೋ ಲೆಕ್ಕವಿಲ್ಲ.

ಅಮ್ಮ ಹುರುಳಿಕಾಯಿ ಸೋಸುತ್ತ ಕುಳಿತಿದ್ದಳು. ತಲೆ ಎತ್ತದೆಯೇ ಹೇಳಿದಳು: “ಹೂಂ. ಕದಲಿಸ್ಲಿಲ್ಲ. ರಿಟೈರ್ ಆಗೋವರ್ಗೂ ಕದಲಿಸ್ಲಿಲ್ಲ.”

ಅಪ್ಪ ಹಾಲು ತರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹಾಲಿನ ಪ್ಯಾಕೆಟ್ ಆಗಲೇ ಫ್ರಿಜ್‌ನಲ್ಲಿತ್ತು. ಆ ಕಥೆಯನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೆ, ಅದರಲ್ಲಿ ಅಪ್ಪನಿಗೆ ಆದ ನಷ್ಟ ನನಗೆ ಕಂಡದ್ದು ಅವತ್ತೇ. ವೈಟ್‌ಫೀಲ್ಡ್‌ಗೆ ಹೋದರೂ ನಾನು ಜೇಬಿನಲ್ಲಿ ಅದೇ ಡೈರಿ ಇಟ್ಟುಕೊಂಡೇ ಹೋಗುತ್ತಿದ್ದೆ.

ಸೋಮವಾರ ಅವರಿಗೆ ಬರುವುದಿಲ್ಲ ಎಂದು ಬರೆದೆ. ಕಳಿಸುವ ಮೊದಲು ಆ ಸಂಬಳದ ಅಂಕಿಯನ್ನು ಇನ್ನೊಮ್ಮೆ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ರಘುನಂದನ್ ಬಳಿ ಹೋದೆ. “ಸಾರ್, ಮೂರು ಕ್ಲೋಸ್ ಟೈಮ್ ಕೊಡಿ. ಮೂರನೇದನ್ನ ನಾನು ಮುಟ್ಟಲ್ಲ. ಅದು ಟೈಮಿಗೆ ಮುಗಿದ್ರೆ ನನ್ನ ಬಿಟ್ಕೊಡ್ಬೇಕು.” ಅವರು ನಕ್ಕರು. “ಮುಗಿದ್ರೆ ತಾನೆ? ಆಯ್ತು” ಎಂದರು.

ಕಲಿಸಬೇಕಾಗಿದ್ದು ಫರ್ಹಾನಾಗೆ. ಮೂವತ್ತೆಂಟು ವರ್ಷದಾಕೆ. ಮಕ್ಕಳಿಗಾಗಿ ಆರು ವರ್ಷ ಕೆಲಸ ಬಿಟ್ಟಿದ್ದು, ಮತ್ತೆ ಕೆಳಗಿನ ಹುದ್ದೆಯಿಂದ ಶುರುಮಾಡಿದ್ದರು. ಒಂದು ವರ್ಷದಿಂದ ನನ್ನ ಪಕ್ಕದಲ್ಲೇ ಇದ್ದರೂ ಅವರಿಗೆ ನಾನು ಕೊಡುತ್ತಿದ್ದುದು ಚಿಲ್ಲರೆ ಕೆಲಸಗಳನ್ನು ಮಾತ್ರ. ಅವತ್ತು ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದು ಕೊಟ್ಟೆ. ಫರ್ಹಾನಾ ಚೀಟಿ ನೋಡಿ, ನನ್ನ ಮುಖ ನೋಡಿ, “ಹುಷಾರಾಗಿದೀರಾ ತಾನೆ?” ಎಂದರು.

ಹೇಳಿಕೊಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಕೈಗೆ ರೂಢಿಯಾದದ್ದು ಬಾಯಿಗೆ ಬರುತ್ತಿರಲಿಲ್ಲ. “ಸೌಮ್ಯ, ಮಧ್ಯ ಒಂದು ಸ್ಟೆಪ್ ನುಂಗ್ಬಿಟ್ರಿ” ಎಂದು ಫರ್ಹಾನಾ ದಿನಕ್ಕೆ ಹತ್ತು ಸಲ ತಡೆಯುತ್ತಿದ್ದರು. ಕೊನೆಗೆ ಎಲ್ಲವನ್ನೂ ಬರೆದೆವು. ಒಟ್ಟು 63 ಹೆಜ್ಜೆ. ನಲವತ್ತೊಂದನೆಯದು, ಎರಡು ಗಂಟೆ ಕುಳಿತು ಒಂದು ವರದಿ ಮಾಡಿ ಸಿಂಗಪುರಕ್ಕೆ ಕಳಿಸುವುದು. “ಇದನ್ನ ಯಾರು ಓದ್ತಾರೆ?” ಎಂದು ಕೇಳಿದರು ಫರ್ಹಾನಾ. ನನಗೆ ಗೊತ್ತಿರಲಿಲ್ಲ. ಅವರೇ ಮೇಲ್ ಹಾಕಿ ಕೇಳಿದರು. ಎರಡು ವರ್ಷದಿಂದ ಅದನ್ನು ಯಾರೂ ತೆರೆದಿಲ್ಲ ಎಂದು ಉತ್ತರ ಬಂತು. ನಾನು ಯಾರಿಗೂ ತೋರಿಸದೆ ಕಾಪಾಡಿಕೊಂಡ ಗುಟ್ಟಿನಲ್ಲಿ ಇಂಥ ಜೊಳ್ಳೂ ಇತ್ತು. ನಾಚಿಕೆಯಾಯಿತು, ನಗುವೂ ಬಂತು.

ಮೊದಲ ಕ್ಲೋಸ್‌ನಲ್ಲಿ ನಾನು ಮಾಡಿದೆ, ಅವರು ನೋಡಿದರು. ಎರಡನೆಯದರಲ್ಲಿ ಅವರು ಮಾಡಿದರು, ನಾನು ನೋಡಿದೆ. ಮೂರನೆಯದರ ಕೊನೆಯ ದಿನ ನಾನು ಎರಡು ಸಾಲು ಆಚೆ ಕೈಕಟ್ಟಿ ಕುಳಿತಿದ್ದೆ. ಹನ್ನೊಂದು ಗಂಟೆಗೆ ಒಂದು ಅಂಗಸಂಸ್ಥೆಯ ಲೆಕ್ಕ ತಾಳೆಯಾಗಲಿಲ್ಲ. ರಘುನಂದನ್ ನನ್ನ ಕಡೆ ನೋಡಿದರು. ನಾನು ಎದ್ದೇ ಬಿಟ್ಟಿದ್ದೆ.

“ಕೂತ್ಕೊಳ್ಳಿ ಸೌಮ್ಯ,” ಎಂದರು ಫರ್ಹಾನಾ, ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ. “ನಾನು ನೋಡ್ತಾ ಇದೀನಿ.”

ಅವರು ಆ ಸಂಸ್ಥೆಗೇ ಫೋನ್ ಮಾಡಿದರು. ಅಲ್ಲಿನವರು ಹಳೆಯ ತಿಂಗಳ ಡಾಲರ್ ದರ ಹಾಕಿಕೊಂಡಿದ್ದರು. ನಾಲ್ಕು ಗಂಟೆಗೆ ಕ್ಲೋಸ್ ಮುಗಿಯಿತು, ನಾನು ಮಾಡುತ್ತಿದ್ದುದಕ್ಕಿಂತ ಒಂದು ಗಂಟೆ ಮೊದಲೇ. ಎಲ್ಲರೂ ಫರ್ಹಾನಾ ಅವರ ಕೈಕುಲುಕಿದರು. ನಾನೂ ಕುಲುಕಿದೆ. ಆಮೇಲೆ ಕ್ಯಾಂಟೀನ್‌ಗೆ ಹೋಗಿ ಒಬ್ಬಳೇ ಕಾಫಿ ಕುಡಿದೆ. ನನಗೆ ಗೆದ್ದ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ರಘುನಂದನ್ ಮಾತು ಉಳಿಸಿಕೊಂಡರು. ಅಕ್ಟೋಬರ್‌ನಲ್ಲಿ ಹೊಸ ತಂಡ ಸೇರಿದೆ. ಆರು ತಿಂಗಳು ಪೆದ್ದಿಯ ಹಾಗೆ ಎಲ್ಲರನ್ನೂ ಎಲ್ಲವನ್ನೂ ಕೇಳಬೇಕಾಯಿತು. ಇವತ್ತು ನನ್ನ ಕೈಕೆಳಗೆ ಐದು ಜನರಿದ್ದಾರೆ. ಬಡ್ತಿ ಕೇಳಿಕೊಂಡು ಬಂದವರಿಗೆ ನನ್ನ ಮೊದಲ ಪ್ರಶ್ನೆ: ನಿಮ್ಮ ಕೆಲಸ ಇನ್ಯಾರಿಗೆ ಬರುತ್ತದೆ? ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ನಾವು ಕೂತ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವಂತಾದಾಗ ಮಾತ್ರ ನಮಗೆ ಅಲ್ಲಿಂದ ಏಳಲು ಸಾಧ್ಯ.

ಹೊಸ ತಂಡ ಸೇರಿದ ದಿನ ಮನೆಗೆ ಬಂದಾಗ ಅಪ್ಪ ಗೇಟಿನ ಬಳಿಯೇ ನಿಂತಿದ್ದರು.

“ಆ ಹಳೇ ಕೆಲ್ಸ ಈಗ ಯಾರು ಮಾಡ್ತಾರೆ?”

“ಫರ್ಹಾನಾ ಅಂತ ಇದಾರಲ್ಲಪ್ಪ, ಅವ್ರು.”

“ಎಲ್ಲಾ ಹೇಳ್ಕೊಟ್ಯಾ?”

“ಎಲ್ಲಾ.”

“ಭಯ ಆಗ್ಲಿಲ್ವಾ?”

“ಆಯ್ತಪ್ಪ. ತುಂಬಾ ಆಯ್ತು.”

ಅಪ್ಪ ನನ್ನ ಬ್ಯಾಗ್ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. ಒಳಗೆ ಹೋಗುತ್ತ, ನನ್ನ ಕಡೆ ತಿರುಗದೆಯೇ ಹೇಳಿದರು:

“ನಂಗೂ ಆಗ್ತಿತ್ತು ಪುಟ್ಟಿ. ಅದಕ್ಕೇ ಹೇಳ್ಕೊಡ್ಲಿಲ್ಲ.”