ಹರಳೆಣ್ಣೆ ಮತ್ತು ಕೋಲಿನ್ ಗೆರೆ

ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಚಾಮರಾಜನಗರದ ಸ್ಕ್ಯಾನ್ ಕೇಂದ್ರವೊಂದರಲ್ಲಿ ಹಿರಿಯ ರೇಡಿಯಾಲಜಿಸ್ಟ್ ಆಗಿದ್ದೆ. ಎಂಆರ್‌ಐ ಚಿತ್ರಗಳನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ.

ಮಾದೇವಿ ತೆರಕಣಾಂಬಿ ಊರಿನವರು, ಗುಂಡ್ಲುಪೇಟೆ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರ್. ಮಿದುಳಿನ ಎಡಭಾಗದ ಕ್ಯಾನ್ಸರ್ ಗಡ್ಡೆಗೆ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ರೇಡಿಯೇಷನ್ನೂ ಮುಗಿದಿತ್ತು. ಈಗ ಅದೇ ಜಾಗದಲ್ಲಿ ಹೊಸದೊಂದು ಬಿಳಿ ಕಲೆ ಕಂಡಿತ್ತು. ಅದು ಮರಳಿ ಬಂದ ಗಡ್ಡೆಯೇ, ರೇಡಿಯೇಷನ್ನಿನಿಂದ ಸತ್ತ ಅಂಗಾಂಶವೇ? ಮಾಮೂಲಿ ಎಂಆರ್‌ಐನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಸತ್ತ ಅಂಗಾಂಶವಾದರೆ ಮಾತ್ರೆ ಸಾಕು. ಗಡ್ಡೆಯಾದರೆ ತಡಮಾಡದೆ ಮತ್ತೆ ತಲೆ ತೆರೆಯಬೇಕು. ಪಕ್ಕದಲ್ಲೇ ಮಾತಿನ ಕೇಂದ್ರ. ಮಾತು ಹೋಗಬಹುದೆಂದು ಸರ್ಜನ್ ಮೊದಲೇ ಹೇಳಿದ್ದರು.

ಇದನ್ನು ತೀರ್ಮಾನಿಸಲು ಸ್ಪೆಕ್ಟ್ರೋಸ್ಕೋಪಿ ಕೇಳಿದ್ದರು. ಯಂತ್ರ ಅದೇ, ಆದರೆ ಆಕಾರದ ಬದಲು ಅಂಗಾಂಶದೊಳಗಿನ ರಾಸಾಯನಿಕಗಳನ್ನು ಗ್ರಾಫ್ ಮಾಡಿ ಕೊಡುತ್ತದೆ. ಕ್ಯಾನ್ಸರ್ ಕೋಶಗಳು ಬೆಳೆಯುತ್ತಿದ್ದರೆ ಕೋಲಿನ್ ಎಂಬುದರ ಗೆರೆ ಎತ್ತರಕ್ಕೇಳುತ್ತದೆ. ಕೋಶಗಳು ಸತ್ತಿದ್ದರೆ ಕೋಲಿನ್ ತಗ್ಗಿ ಕೊಬ್ಬಿನ ಗೆರೆ ಏಳುತ್ತದೆ.

"ಇದ್ರೊಳಗ ಸ್ಟ್ಯಾಂಡಿಂಗ್ ಇಲ್ವಾ ಸಾರ್, ಬರೀ ಸ್ಲೀಪರ್ರಾ?" ಎನ್ನುತ್ತಲೇ ಮಾದೇವಿ ಯಂತ್ರದೊಳಗೆ ಹೋದರು.

ಗ್ರಾಫಿನಲ್ಲಿ ಕೊಬ್ಬಿನ ಗೆರೆ ಬೆಟ್ಟದಂತೆ ಎದ್ದಿತ್ತು. ಕೋಲಿನ್ ಅದರ ಬುಡದಲ್ಲಿ ಕುಳ್ಳಗಿತ್ತು. ನಾನು ನೋಡುವ ಮೊದಲೇ ಟೆಕ್ನೀಷಿಯನ್ ರವಿ ಹೊರಗೆ ಹೋಗಿ, "ಗಡ್ಡೆ ಅಲ್ಲ ಅನ್ಸುತ್ತೆ ಕಣವ್ವ" ಎಂದುಬಿಟ್ಟಿದ್ದ. ಮಾದೇವಿಯ ತಾಯಿ ಸಿದ್ದಮ್ಮ, "ಮಾದಪ್ಪ ಕಣ್ಬುಟ್ಟ" ಎಂದು ಗೋಡೆಗೆ ಒರಗಿ ಅಳತೊಡಗಿದರು.

ಗ್ರಾಫಿಗಿಂತ ಮೊದಲು ಚಿತ್ರವನ್ನು ಹೊರ ಅಂಚಿನಿಂದ ಒಳಕ್ಕೆ ನೋಡುವುದು ನನ್ನ ಕ್ರಮ. ನೆತ್ತಿಯ ಚರ್ಮದಾಚೆ ಗಾಳಿ, ಅಲ್ಲಿ ಕಪ್ಪಿರಬೇಕು. ಇಲ್ಲಿ ದಪ್ಪನೆಯ ಬಿಳಿ ಅಂಚು. ಹೋಗಿ ಮಾದೇವಿಯ ತಲೆವಸ್ತ್ರ ಸರಿಸಿದೆ. ರೇಡಿಯೇಷನ್ನಿನ ಉರಿಗೆಂದು ಸಿದ್ದಮ್ಮ ನೆತ್ತಿಯ ಮೇಲೆ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆ ಕಟ್ಟಿದ್ದರು. ಲೋಹವಿಲ್ಲವೆಂದು ರವಿ ಒಳಗೆ ಬಿಟ್ಟಿದ್ದ. ಯಂತ್ರಕ್ಕೆ ಎಣ್ಣೆಯೂ ಕೊಬ್ಬೇ. ಕಲೆ ತಲೆಬುರುಡೆಗೆ ಹತ್ತಿರವಿದ್ದುದರಿಂದ ಹೊರಗಿನ ಕೊಬ್ಬು ಒಳಗಿನ ಲೆಕ್ಕಕ್ಕೆ ಬೆರೆತು, ಅದರ ಎತ್ತರದ ಮುಂದೆ ಕೋಲಿನ್ ಕುಳ್ಳಗೆ ಕಂಡಿರಬಹುದಿತ್ತು.

"ತಲೆ ತೊಳೆಸಿ. ಇನ್ನೊಮ್ಮೆ ಮಾಡಬೇಕು," ಎಂದೆ.

"ಒಳ್ಳೇದೇ ಅದ ಅಂತ ಆ ಉಡ್ಗನೇ ಏಳುದ್ನಲ್ಲ ಸ್ವಾಮಿ," ಸಿದ್ದಮ್ಮ ಕೈಮುಗಿದರು. "ಒಳ್ಳೇದ್ ಬಂದ್ಮೇಲ ಮತ್ಯಾಕ ಕೆದುಕೀರಿ? ಬುಟ್ಬುಡಿ."

"ಸುಮ್ಕಿರವ್ವ," ಎಂದರು ಮಾದೇವಿ. "ಸುಳ್ಳು ಬೋರ್ಡ್ ಆಕಂಡ್ರ ಬಸ್ಸು ಬ್ಯಾರೆ ಊರ್ಗ ಓಯ್ತದಾ? ತೊಳಿ."

ಕೇಂದ್ರದ ಬಚ್ಚಲಲ್ಲಿ ಸಿದ್ದಮ್ಮನೇ ಅಂಗಡಿಯಿಂದ ತಂದ ಕಡಲೆಹಿಟ್ಟು ಹಚ್ಚಿ, ಉಗುರುಬೆಚ್ಚನೆ ನೀರಲ್ಲಿ ತೊಳೆದರು. "ಉರುದ್ರ ಏಳಮ್ಮಿ, ಉರುದ್ರ ಏಳು" ಎನ್ನುವುದು ಹೊರಗೆ ಕೇಳುತ್ತಿತ್ತು.

ಎರಡನೆಯ ಗ್ರಾಫಿನಲ್ಲಿ ಬೆಟ್ಟ ಕುಸಿದಿತ್ತು. ಕೋಲಿನ್ ಒಂಟಿಯಾಗಿ, ಎತ್ತರಕ್ಕೆ ನಿಂತಿತ್ತು. ರವಿ ತಲೆ ತಗ್ಗಿಸಿದ. ಈ ಸಲ ನಾನೇ ಹೊರಗೆ ಹೋಗಿ, ಅವರ ಪಕ್ಕದ ಬೆಂಚಿನಲ್ಲಿ ಕೂತು ಹೇಳಿದೆ. ಮಾದೇವಿ ಒದ್ದೆ ತಲೆಗೆ ವಸ್ತ್ರ ಕಟ್ಟಿಕೊಂಡರು. ಸಿದ್ದಮ್ಮ ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು.

"ನನ್ನ ಎಣ್ಣೇಲೇ ಬಂತಾ ಸ್ವಾಮಿ ಇದು?"

"ಇಲ್ಲ ತಾಯಿ. ಎಣ್ಣೆ ಹೊರಗಿತ್ತು, ಗಡ್ಡೆ ಒಳಗಿತ್ತು. ನಿಮ್ಮ ಕೈಯಿಂದ ಏನೂ ಕೆಟ್ಟಿಲ್ಲ."

ಅವರು ನಂಬಿದಂತೆ ಕಾಣಲಿಲ್ಲ.

ಅದೇ ವಾರ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತೆಗೆದ ತುಂಡಿನ ಪರೀಕ್ಷೆ ಕ್ಯಾನ್ಸರ್ ಎಂದೇ ಹೇಳಿತು. ಜೀವ ಉಳಿಯಿತು, ಮಾತು ಹೋಯಿತು. ಕೆಲವು ತಿಂಗಳ ನಂತರ ಅವರು ಮರುಪರೀಕ್ಷೆಗೆ ಬಂದರು. ಹೇಳಿದ್ದೆಲ್ಲ ಮಾದೇವಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಪದ ಬರುತ್ತಿರಲಿಲ್ಲ. ಸಿದ್ದಮ್ಮ ನನ್ನನ್ನು ತಡೆದು ಕೇಳಿದರು: "ಅವತ್ತು ತಲ ತೊಳೀದೇ ಇದ್ದಿದ್ರ ನನ್ ಮಗ್ಳು ಇವತ್ತು ಮಾತಾಡ್ತಿದ್ಲಾ?"

ಸುಳ್ಳು ಹೇಳುವುದು ಸುಲಭವಿತ್ತು. "ಸ್ವಲ್ಪ ದಿನ ಮಾತಾಡ್ತಿದ್ರು ತಾಯಿ. ಆಮೇಲೆ ಅವರೇ ಇರ್ತಿರಲಿಲ್ಲ," ಎಂದೆ.

ಸಿದ್ದಮ್ಮ ಮತ್ತೇನೋ ಕೇಳಲು ಬಾಯಿ ತೆರೆದರು. ಮಾದೇವಿ ತಾಯಿಯ ಬಾಯಿಯ ಮೇಲೆ ಮೆಲ್ಲಗೆ ಕೈಯಿಟ್ಟರು. ಆಮೇಲೆ ತಾವೇ ನಡೆದುಹೋಗಿ ಸ್ಕ್ಯಾನ್ ಮೇಜಿನ ಮೇಲೆ ಮಲಗಿದರು.

ಕೆಟ್ಟ ಫಲಿತಾಂಶವನ್ನು ಎಲ್ಲರೂ ಎರಡು ಸಲ ನೋಡುತ್ತಾರೆ. ಒಳ್ಳೆಯದನ್ನೂ ಅಷ್ಟೇ ನಿಷ್ಠುರವಾಗಿ ನೋಡಬೇಕೆಂದು ಈ ಕೆಲಸ ನನಗೆ ಕಲಿಸಿತು. ಕಲಿತವರು ನಾವು, ಬೆಲೆ ತೆತ್ತವರು ಆ ತಾಯಿ, ಮಗಳು.