ನಾಲ್ಕನೇ ಜ್ವರದ ದಿನ ಓದಿದ್ದು

ಹುಳಕ್ಕೆ ಜ್ವರ ಬಂದ ದಿನವೇ ನಮ್ಮ ಜಪಮಾಲತ್ತೆಯ ಮನೆಯಲ್ಲಿ ಬೈಬಲ್ ಓದು. ಭಾನುವಾರ, ಬುಧವಾರ ಎಂಬ ಕಟ್ಟುಪಾಡೇನೂ ಇಲ್ಲ. ರೇಷ್ಮೆ ಹುಳ ಚರ್ಮ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲುಗಾಡದೆ ನಿಂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎರಡು ಜ್ವರ ಕಳೆದ ಮರಿಗಳನ್ನೇ ಕೊಂಡು ತರುವುದರಿಂದ ಮನೆಯಲ್ಲಿ ನೋಡಲು ಸಿಗುವುದು ಮೂರನೆಯದು, ನಾಲ್ಕನೆಯದು ಮಾತ್ರ. ಹಾಗಾಗಿ ಒಂದು ಬೆಳೆಗೆ ಎರಡೇ ದಿನ ಹೆಂಗಸರ ಕೈಗೆ ಬಿಡುವು. ಆ ಎರಡು ದಿನ ದೇವರಿಗೆ. ಮಿಕ್ಕ ದಿನ ದೇವರೂ ಸರದಿಯಲ್ಲಿ ಕಾಯಬೇಕು.

ಜಪಮಾಲತ್ತೆ ನನ್ನ ಅಪ್ಪನ ಅಕ್ಕ. ಸಾತನೂರಿನಿಂದ ಒಳಕ್ಕೆ ಹೋದರೆ ಸಿಗುವ ಅವರ ಊರಿನಲ್ಲಿ ಕ್ರೈಸ್ತರ ಮನೆಗಳು ಆರು. ಚರ್ಚಿಲ್ಲ. ಫಾದರ್ ತಿಂಗಳಿಗೊಮ್ಮೆ ಬಂದು ಯಾರದಾದರೂ ಪಡಸಾಲೆಯಲ್ಲಿ ಪೂಜೆ ಮಾಡಿ ಹೋಗುತ್ತಾರೆ. ಕೊರೋನಾ ವರ್ಷ ಅದೂ ನಿಂತಿತು. ಆಗ ಅತ್ತೆ, ಪಕ್ಕದ ಬೀದಿಯ ಆರೋಗ್ಯಮ್ಮನನ್ನು ಕೂರಿಸಿಕೊಂಡು ಓದಲು ಶುರು ಮಾಡಿದರು. ಅತ್ತೆ ಕನಕಪುರದ ಹಾಸ್ಟೆಲಿನಲ್ಲಿದ್ದು ಏಳನೇ ಕ್ಲಾಸು ಓದಿದವರು. ಆರೋಗ್ಯಮ್ಮನಿಗೆ ತನ್ನ ಹೆಸರು ಬರೆಯುವಷ್ಟು ಬರುತ್ತಿತ್ತು. ಆಮೇಲೆ ಸೇರಿಕೊಂಡ ಕಾವೇರಮ್ಮ ಗೌಡರ ಮನೆಯವರು, ಕ್ರೈಸ್ತರಲ್ಲ. ಇಬ್ಬರೂ ಗೆಳತಿಯರು ಅಲ್ಲಿ ಕೂತಿರುವಾಗ ತಾನೊಬ್ಬಳು ಮನೆಯಲ್ಲಿ ಏನು ಮಾಡಲಿ ಎಂದು ಬಂದವರು ಕತೆಯ ರುಚಿ ಹತ್ತಿ ಉಳಿದರು.

ಓದೆಂದರೆ ಎಂಥ ಓದು! ಮೊದಲ ದಿನ ಇಂಥವನು ಇಂಥವನನ್ನು ಪಡೆದನು ಎಂಬ ಹೆಸರುಗಳ ಪಟ್ಟಿ ಬಂತು. ಆರೋಗ್ಯಮ್ಮ ಕೂತಲ್ಲೇ ಗೊರಕೆ ಹೊಡೆದರು. ಹೆಸರುಗಳಿದ್ದರೆ ಹಾರಿಸುವುದೆಂದು ಅವತ್ತೇ ತೀರ್ಮಾನವಾಯಿತು. ಮನೆ ಬಿಟ್ಟು ಹೋಗಿದ್ದ ಕಿರಿಮಗ ತಿರುಗಿ ಬಂದನೆಂದು ಅಪ್ಪ ಔತಣ ಮಾಡಿದಾಗ, ಹೊಲದಲ್ಲಿ ದುಡಿಯುತ್ತಿದ್ದ ಹಿರಿಮಗ ಸಿಟ್ಟಾದದ್ದರಲ್ಲಿ ತಪ್ಪೇನು, ದುಡಿದವನಿಗೆ ಒಂದು ಮೇಕೆ ಮರಿಯನ್ನಾದರೂ ಕೊಡಬಾರದಿತ್ತೇ ಎಂದು ಕಾವೇರಮ್ಮ ಕೇಳಿದರೆ ಉತ್ತರ ಹೇಳುವವರಿರಲಿಲ್ಲ. ಫಾದರ್ ಬಂದಾಗ ಕೇಳೋಣ ಎಂದು ಪ್ರಶ್ನೆಗಳನ್ನು ಎತ್ತಿಡುತ್ತಿದ್ದರು. ಫಾದರ್ ಬರುವಷ್ಟರಲ್ಲಿ ಪ್ರಶ್ನೆ ಮರೆತಿರುತ್ತಿತ್ತು.

ಓದುತ್ತಿದ್ದುದು ಹುಳದ ಮನೆಯಲ್ಲಿ. ಅಲ್ಲಿಗೆ ಹೊರಗಿನವರು ಕಾಲಿಡುವಂತಿಲ್ಲ, ಹುಳಕ್ಕೆ ರೋಗ ತಗಲುತ್ತದೆ. ಅದೇ ಅವರಿಗೆ ಬೇಕಾಗಿತ್ತು. ಕಾವೇರಮ್ಮ ಬರತೊಡಗಿದ ಮೇಲೆ ಟೀ ಅಂಗಡಿಯಲ್ಲಿ ಯಾರೋ, ಹುಳದ ಮನೆಯಲ್ಲಿ ಗೌಡರ ಹೆಂಗಸಿಗೆ ಏನು ಪಾಠ ನಡೆಯುತ್ತಿದೆ ಎಂದು ಕೇಳಿದ್ದರು. ಅವತ್ತಿನಿಂದ ಅತ್ತೆಯ ಗಂಡ ಇನ್ನಾಸಪ್ಪ ಮಾವ, ಮತಾಂತರದ ಕೇಸು ಗೀಸು ಆದರೆ ಯಾರು ಅಲೆಯುವವರು, ನಿಲ್ಲಿಸಿ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ಇವರು ನಿಲ್ಲಿಸಲಿಲ್ಲ, ದನಿ ತಗ್ಗಿಸಿದರು. ಬೀದಿಯಲ್ಲಿ ಬೈಕಿನ ಸದ್ದಾದರೆ ಪುಸ್ತಕ ಹಳೇ ಪೇಪರಿನ ಕಟ್ಟಿನಡಿಗೆ ಹೋಗುತ್ತಿತ್ತು, ಮೂವರ ಕೈಗೂ ಹುಳಕ್ಕೆ ಉದುರಿಸುವ ಸುಣ್ಣದ ಪುಡಿಯ ಜರಡಿ ಬರುತ್ತಿತ್ತು. ಹೆದರಿಕೊಂಡೇ ನಾಲ್ಕು ವರ್ಷ ನಡೆಸಿದರು ಎಂಬುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ. ನಾನು ಕನಕಪುರದಲ್ಲಿ ಬ್ಲೌಸು ಹೊಲಿಯುವವಳು, ಎಸ್ಸೆಸ್ಸೆಲ್ಸಿ ಪಾಸು. ಬಂದು ಓದಿಕೊಡು ಎಂದು ಅತ್ತೆ ಎರಡು ಸಲ ಕರೆದಿದ್ದರು. ಮದುವೆ ಸೀಸನ್ನು, ಪುರುಸೊತ್ತಿಲ್ಲ ಎಂದಿದ್ದೆ. ಯಾಕೆ ಕರೆದರು ಎಂದು ಆಗ ಯೋಚಿಸಲಿಲ್ಲ.

ಅತ್ತೆಗೆ ಅಕ್ಷರ ಕಾಣದಾಗಿತ್ತು. ಸಕ್ಕರೆ ಕಾಯಿಲೆ ಇತ್ತು, ಜೊತೆಗೆ ಕಣ್ಣಿಗೆ ಪೊರೆ. ಮೊದಮೊದಲು ಸಾಲು ಅಲೆದಾಡಿತು. ಆಮೇಲೆ ಪುಟವೆಲ್ಲ ಬೂದಿ ಎರಚಿದ ಹಾಗಾಯಿತು. ಸಂತೆಯಲ್ಲಿ ಕನ್ನಡಕ ಕೊಂಡರು, ಪ್ರಯೋಜನವಾಗಲಿಲ್ಲ. ಯಾರಿಗೂ ಹೇಳಲಿಲ್ಲ. ಓದುವವಳೇ ಕುರುಡಿ ಎಂದಾದರೆ ಓದು ಅಲ್ಲಿಗೆ ಮುಗಿಯಿತು, ಆ ಇಬ್ಬರೂ ತಂತಮ್ಮ ಮನೆ ಸೇರುತ್ತಾರೆ, ತಾನು ಮತ್ತೆ ಬರೀ ಸೊಪ್ಪು ಕೊಯ್ಯುವವಳು ಎಂಬ ಭಯ ಅವರಿಗೆ. ಪೂಜೆಯಲ್ಲಿ ಕೇಳಿ ಬಾಯಿಗೆ ಬಂದಿದ್ದ ಕತೆಗಳನ್ನು ಪುಸ್ತಕ ಹಿಡಿದು ಹೇಳಿದರು. ಮರೆತಲ್ಲಿ ತುಂಬಿದರು. ತುಂಬುತ್ತಾ ತುಂಬುತ್ತಾ ಸ್ವಂತದ್ದನ್ನೂ ಹೇಳಿದರು, ಪುಸ್ತಕದ ಭಾಷೆಯಲ್ಲಿ, ಪುಸ್ತಕದ ರಾಗದಲ್ಲಿ. ಕೇಳುವವರಿಗೆ ಗೊತ್ತಾಗಲಿಲ್ಲ. ಈ ಪುಸ್ತಕಕ್ಕೆ ಒಂದು ಮಾತು ಸೇರಿಸಿದವನಿಗೂ ಕೇಡು ತಪ್ಪದು ಎಂದು ಕಡೆಯ ಪುಟದಲ್ಲಿರುವುದನ್ನು ಕಣ್ಣು ಚೆನ್ನಾಗಿದ್ದಾಗ ಅತ್ತೆಯೇ ಓದಿದ್ದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಕೈಗೆ ತುರಿಕೆ ಎದ್ದರೂ, ಒಂದು ತಟ್ಟೆ ಹುಳ ಸಪ್ಪೆ ರೋಗಕ್ಕೆ ಸತ್ತರೂ, ಇಗೋ ಬಂತು ಎಂದು ಅವರ ಎದೆ ಅವಲಕ್ಕಿ ಕುಟ್ಟುತ್ತಿತ್ತು.

ಹೀಗೆ ಒಂದೂವರೆ ವರ್ಷ ಸಾಗಿತು. ಹೋದ ಮಾರ್ಚಿನಲ್ಲಿ ಒಂದು ನಾಲ್ಕನೇ ಜ್ವರದ ದಿನ ಆರೋಗ್ಯಮ್ಮ ಒಂದು ಪ್ರಶ್ನೆ ತಂದರು.

ಆರೋಗ್ಯಮ್ಮ ಗಂಡ ಸತ್ತವರು. ಒಬ್ಬಳೇ ಮಗಳು ಶೀಬಾ. ಆ ಹುಡುಗಿ ಅದರ ಹಿಂದಿನ ವರ್ಷ ಬೈರಮಂಗಲದ ಒಬ್ಬ ಟೆಂಪೊ ಡ್ರೈವರ್ ಜೊತೆ ಹೇಳದೆ ಕೇಳದೆ ಹೋಗಿ ಮದುವೆಯಾಗಿದ್ದಳು. ತಾಯಿ ಮಗಳಿಗೆ ಮಾತಿರಲಿಲ್ಲ. ಈಗ ಶೀಬಾಳಿಗೆ ಏಳು ತಿಂಗಳು, ಕಾಲು ಬಾತಿದೆ, ಬಿಪಿ ಜಾಸ್ತಿ. ಗಂಡ ಲೋಡು ಹಿಡಿದು ಹೋದರೆ ಮೂರು ದಿನ ಬರುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲವೇ, ಬಂದು ಕರೆದುಕೊಂಡು ಹೋಗವ್ವ ಎಂದು ಫೋನ್ ಮಾಡಿದ್ದಳು. ಆರೋಗ್ಯಮ್ಮನಿಗೆ ಎದೆಯಲ್ಲಿ ಸಿಟ್ಟೂ ಇತ್ತು, ಕರುಳೂ ಇತ್ತು. ಎರಡರಲ್ಲಿ ಯಾವುದರ ಮಾತು ಕೇಳಬೇಕೋ ತಿಳಿಯದೆ ಅತ್ತೆಯ ಮುಂದೆ ಕೂತು, ಕಣ್ಣು ಮುಚ್ಚಿ ಪುಸ್ತಕ ತೆರೆ, ಬೆರಳಿಟ್ಟ ಕಡೆ ಓದು, ದೇವರು ಹೇಳಿದಂತೆ ಮಾಡುತ್ತೇನೆ ಎಂದರು.

ಅತ್ತೆ ತೆರೆದರು. ಬೆರಳಿಟ್ಟರು. ಅಲ್ಲೇನಿತ್ತೋ ಅವರಿಗೆ ಕಾಣಲಿಲ್ಲ. ಇಬ್ಬರೂ ಬಾಯಿ ನೋಡುತ್ತಿದ್ದರು. ಅದೇ ಹೊತ್ತಿಗೆ ಹೊರಗೆ ಬೈಕು ಬಂದು ನಿಂತ ಸದ್ದಾಯಿತು. ಬೇಗ ಮುಗಿಸುವ ಗಾಬರಿಯಲ್ಲಿ ಅವರ ಬಾಯಿಂದ ಬಂತು: "ಹೊಸಿಲು ದಾಟಿ ಹೋದವಳನ್ನು ಕರೆಯಬೇಡ, ಅವಳನ್ನು ಕರೆತಂದವಳು ತನ್ನ ಮನೆಯ ದೀಪವನ್ನು ತಾನೇ ಆರಿಸುವಳು."

ಅದು ಅತ್ತೆಯ ಅತ್ತೆ ಹೇಳುತ್ತಿದ್ದ ಮಾತು. ಆ ಮುದುಕಿ ಮನೆ ಬಿಟ್ಟು ಹೋದ ತನ್ನ ಮಗಳ ಮುಖ ನೋಡದೆಯೇ ಸತ್ತಿದ್ದಳು. ಮೂವತ್ತು ವರ್ಷ ಕಿವಿಗೆ ಬಿದ್ದದ್ದು, ನಾಲಿಗೆಯ ತುದಿಯಲ್ಲಿತ್ತು. ಆರೋಗ್ಯಮ್ಮ ಆಯ್ತು ಕಣಕ್ಕ ಎಂದು ಎದ್ದು ಹೋದರು. ಬೈಕು ಯಾರೋ ಗೊಬ್ಬರದ ದರ ಕೇಳಲು ಬಂದವನದು.

ನಾಲ್ಕನೇ ಜ್ವರ ಬಿಟ್ಟ ಮೇಲೆ ಹುಳಕ್ಕೆ ಭೂತದ ಹಸಿವು. ಏಳು ದಿನ ಹಗಲಿಡೀ ಸೊಪ್ಪು ಕೊಯ್ಯುವುದು, ಹಾಕುವುದು, ಮತ್ತೆ ಕೊಯ್ಯುವುದು. ಯಾರ ಮನೆಗೂ ಯಾರೂ ಹೋಗುವುದಿಲ್ಲ. ಮೂರನೇ ದಿನ ಬೇಲಿಯಾಚೆಯಿಂದ ಕಾವೇರಮ್ಮ ಸುದ್ದಿ ಹೇಳಿದರು: ಆರೋಗ್ಯಮ್ಮ ಮಗಳ ನಂಬರನ್ನು ಬ್ಲಾಕ್ ಮಾಡಿಸಿದ್ದಾಳೆ. ಶೀಬಾ ಈಗ ಕಾವೇರಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದಾಳೆ. ಐದನೇ ದಿನ ಇನ್ನೊಂದು ಸುದ್ದಿ: ಹುಡುಗಿಗೆ ತಲೆಸುತ್ತು ಬಂದು ಬಚ್ಚಲಲ್ಲಿ ಬಿದ್ದಳಂತೆ, ಪೆಟ್ಟಾಗಿಲ್ಲವಂತೆ, ಒಬ್ಬಳೇ ಇರಬಾರದು ಅಂದಿದ್ದಾರಂತೆ ಡಾಕ್ಟರು.

ಅವತ್ತಿನಿಂದ ಅತ್ತೆಗೆ ಊಟ ಸೇರಲಿಲ್ಲ. ಅವಳಿಗೇನಾದರೂ ಆದರೆ ಎರಡು ಜೀವ ತನ್ನ ತಲೆಯ ಮೇಲೆ. ಹೇಳಿಬಿಡೋಣ ಎಂದು ಎರಡು ಸಲ ಆರೋಗ್ಯಮ್ಮನ ಮನೆಯ ತನಕ ಹೋದರು. ಒಂದು ಸಲ ಹುಳ ಗೂಡು ಕಟ್ಟುವ ಚಂದ್ರಿಕೆ ಎರಡು ಸಾಲ ಕೊಡು ಎಂದು ಕೇಳಿ ತಂದರು. ಇನ್ನೊಂದು ಸಲ ಅದನ್ನೇ ವಾಪಸು ಕೊಟ್ಟು ಬಂದರು.

ಹುಳ ಹಣ್ಣಾದ ದಿನ, ಅಂದರೆ ತಿನ್ನುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾದ ದಿನ, ನೆಂಟರಿಷ್ಟರೆಲ್ಲ ಹೋಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ಇದ್ದಲ್ಲೇ ನೂಲು ಸುರಿದು ಕೆಟ್ಟುಹೋಗುತ್ತದೆ. ನಾನೂ ಅಂಗಡಿ ಮುಚ್ಚಿ ಹೋದೆ. ಮಧ್ಯಾಹ್ನ ಎರಡು ಗಂಟೆ. ನಾವಿಬ್ಬರೇ ಒಂದು ತಟ್ಟೆಯ ಮುಂದೆ ಇದ್ದಾಗ ಅತ್ತೆ ಸೆರಗಿನೊಳಗಿಂದ ಬೈಬಲ್ ತೆಗೆದು ನನ್ನ ಕೈಗಿಟ್ಟರು.

"ಇದ್ರಲ್ಲಿ ಒಂದ್ ಮಾತು ಎಲ್ಲಾರ ಐತಾ, ಒಸಿ ಹುಡುಕ್ಕೊಡವ್ವ."

ಯಾವ ಮಾತು ಎಂದೆ. ಹೇಳಿದರು. ಎಲ್ಲಿ ಓದಿದಿರಿ ಎಂದೆ. ಆಗ ಎಲ್ಲವೂ ಹೊರಬಂತು. ತಾನು ಕಟ್ಟಿದ ಮಾತು ಆ ದಪ್ಪ ಪುಸ್ತಕದಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ತಾನಾಗೇ ಇದ್ದುಬಿಡಲಿ ಎಂದು ಅವರ ಆಸೆ. ನಾನು ಮೊಬೈಲಿನಲ್ಲಿ ಹೊಸಿಲು ಎಂದು ಹುಡುಕಿದೆ, ದೀಪ ಎಂದು ಹುಡುಕಿದೆ, ಮಗಳು ಎಂದು ಹುಡುಕಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಮುಖವಾದರೂ ಕಾಣುತ್ತಿತ್ತೋ ಇಲ್ಲವೋ. ಇಲ್ಲ ಅತ್ತೆ ಎಂದೆ. ನನಗೆ ಸಿಟ್ಟೂ ಬಂತು, ಬಾಯಿಗೆ ಬಂದಂತೆ ಬೈದೆ: ಗೆಳತಿಗೆ ಹೀಗೆ ಮಾಡುವುದಾ, ಕಣ್ಣು ಕಾಣದಿದ್ದರೆ ಕಾಣದು ಅನ್ನಲಿಕ್ಕೆ ಏನು ಧಾಡಿ ಎಂದೆ. ಬೈದ ಮೇಲೆ, ಕರೆದಾಗ ಬಾರದೆ ಉಳಿದವಳು ನಾನೇ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಅತ್ತೆ ಕೈಯಲ್ಲಿದ್ದ ಹಣ್ಣು ಹುಳಗಳನ್ನು ತಟ್ಟೆಗೆ ಹಾಕಿ ಎದ್ದರು. ಅರ್ಧಕ್ಕೂ ಹೆಚ್ಚು ಆರಿಸುವುದು ಬಾಕಿ ಇತ್ತು. ಬೆಳೆ ಹಾಳಾಗ್ತದೆ ಎಂದು ಮಾವ ಕೂಗಿದರು. ಅವರು ತಿರುಗಲಿಲ್ಲ. ನಾನೂ ಹಿಂದೆಯೇ ಹೋದೆ.

ಆರೋಗ್ಯಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದರು. ಅತ್ತೆ ಕೂರಲಿಲ್ಲ.

"ಆರೋಗ್ಯ, ಅವತ್ತು ನಾನು ಓದ್ಲಿಲ್ಲ ಕಣೆ. ನಂಗೆ ಅಕ್ಷರ ಕಾಣಕ್ಕಿಲ್ಲ, ಒಂದೂವರೆ ವರ್ಸ ಆಯ್ತು. ಆ ಮಾತು ನಮ್ಮತ್ತೇದು. ದೇವ್ರು ಹೇಳಿದ್ದಲ್ಲ. ನಿನ್ ಮಗಳ ಕರ್ಕೊಂಬಾ."

ಆರೋಗ್ಯಮ್ಮ ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. ಬಯ್ಯುತ್ತಾರೆ, ಅಳುತ್ತಾರೆ ಎಂದು ನಾನು ಕಾದೆ. ಅವರು ಬೇರೆಯದೇ ಕೇಳಿದರು.

"ಒಂದೂವರೆ ವರ್ಸ ಅಂದ್ರೆ... ನಮ್ಮೆಜಮಾನ್ರು ಹೋಗಿ ಒಂದೇ ವರ್ಸ. ತಿಥಿ ಆದ್ಮೇಲೆ ಓದಿದ್ಯಲ್ಲಕ್ಕ. ಅದು?"

ಅವರ ಗಂಡ ಹಿಪ್ಪುನೇರಳೆ ತೋಟದಲ್ಲಿ ಎದೆ ಹಿಡಿದುಕೊಂಡು ಬಿದ್ದಿದ್ದರು. ಫಾದರ್ ಇರಲಿ, ಕಡೆಗಾಲಕ್ಕೆ ಬಾಯಿಗೆ ನೀರು ಬಿಡಲೂ ಯಾರೂ ಇರಲಿಲ್ಲ. ಅದೇ ಕೊರಗಿನಲ್ಲಿ ಆರೋಗ್ಯಮ್ಮ ತಿಂಗಳುಗಟ್ಟಲೆ ಬೆಂದಿದ್ದರು ಎಂದು ನನಗೆ ಗೊತ್ತು. ಈಗ ಸುಳ್ಳು ಹೇಳುವುದು ಸುಲಭವಿತ್ತು. ಅದೊಂದು ಪುಸ್ತಕದ್ದೇ ಎಂದಿದ್ದರೆ ಆಗುತ್ತಿತ್ತು. ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ.

"ಅದೂ ನಂದೇ," ಎಂದರು ಅತ್ತೆ. "ಏನ್ ಹೇಳಿದ್ದೆ ಅನ್ನೋದೂ ನೆಪ್ಪಿಲ್ಲ ಕಣೆ."

ಆರೋಗ್ಯಮ್ಮ ಕೈ ತೊಳೆದರು. ಒಳಗೆ ಹೋಗಿ ಸೀರೆ ಬದಲಿಸಿ, ಬ್ಯಾಗು ಹಿಡಿದು ಬಂದರು. ಹಸುವಿನ ಹಗ್ಗವನ್ನು ನನ್ನ ಕೈಗೆ ಕೊಟ್ಟು, ನಾಲ್ಕು ಗಂಟೆ ಬಸ್ಸಿಗೆ ನಡೆದರು. ಅತ್ತೆಯ ಮುಖ ನೋಡಲಿಲ್ಲ.

ಶೀಬಾಳನ್ನು ಕರೆತಂದರು. ಬಿಪಿ ಇಳಿಯಲೆಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿಸಬೇಕಾಯಿತು, ಮಿಕ್ಕಂತೆ ಅವಳೂ ಹೊಟ್ಟೆಯಲ್ಲಿದ್ದ ಮಗುವೂ ಕ್ಷೇಮ. ಎರಡು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ ಡಾಕ್ಟರು. ಕಾವೇರಮ್ಮ ಬೇಲಿಯಾಚೆಯಿಂದ ಇದನ್ನೆಲ್ಲ ಹೇಳಿದರು. ಆರೋಗ್ಯಮ್ಮ ಹೇಳಲಿಲ್ಲ. ಬೀದಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡ ಸತ್ತವಳ ಒಂದೇ ಸಮಾಧಾನವನ್ನು ಕಿತ್ತುಕೊಂಡೆ, ಅವಳು ಇನ್ನು ಯಾವತ್ತೂ ಬರುವುದಿಲ್ಲ ಎಂದು ಅತ್ತೆ ಫೋನಿನಲ್ಲಿ ನನ್ನ ಹತ್ತಿರ ಅತ್ತರು. ದೇವರ ಶಾಪದ ಭಯಕ್ಕಿಂತ ಈ ಭಯ ಅವರನ್ನು ಹೆಚ್ಚು ಸೊರಗಿಸಿತು.

ಮುಂದಿನ ಬೆಳೆಯ ಮೂರನೇ ಜ್ವರದ ದಿನ ನಾನೇ ಹೋದೆ, ಓದಿಕೊಡಲು. ಹುಳದ ಮನೆಯಲ್ಲಿ ಅತ್ತೆ, ಕಾವೇರಮ್ಮ, ನಾನು. ಮೂರು ಗಂಟೆಯ ತನಕ ಪುಸ್ತಕ ತೆರೆಯದೆ ಕೂತೆವು. ಹೊರಗೆ ಚಪ್ಪಲಿಯ ಸದ್ದಾದಾಗ ಅತ್ತೆ ಎದ್ದು ನಿಂತು, ಮತ್ತೆ ಕೂತರು. ಆರೋಗ್ಯಮ್ಮ ರೋಗ ಒಳಗೆ ಬಾರದಿರಲೆಂದು ಬಾಗಿಲಲ್ಲಿ ಹರವಿದ್ದ ಸುಣ್ಣದ ಪುಡಿಯಲ್ಲಿ ಕಾಲಿಟ್ಟು ಒಳಗೆ ಬಂದು ಅತ್ತೆಯ ಎದುರಿಗೇ ಕೂತರು.

ಸತ್ತವರ ಬಗ್ಗೆ ಏನಿದೆಯೋ ಓದು ಎಂದರು ನನಗೆ. ನಾನು ಓದಿದೆ, ಒಂದಕ್ಷರವೂ ಬಿಡದೆ. ಪೂರ್ತಿ ಕೇಳಿಸಿಕೊಂಡರು. ಚೆನ್ನಾಗಿದೆ ಎಂದರು. ಆಮೇಲೆ ಅತ್ತೆಯ ಮೊಣಕಾಲಿನ ಮೇಲೆ ಕೈಯಿಟ್ಟು, ಪುಸ್ತಕದ ರಾಗದಲ್ಲೇ, ಎಲ್ಲೂ ತಡವರಿಸದೆ ಹೇಳಿದರು: "ಒಂಟಿಯಾಗಿ ಬಿದ್ದವನ ತಲೆಯನ್ನು ಪ್ರಭುವು ತನ್ನ ತೊಡೆಯ ಮೇಲಿಟ್ಟುಕೊಂಡನು, ಅವನ ಬಾಯಿಗೆ ತಾನೇ ನೀರು ಬಿಟ್ಟನು."

"ಒಂದ್ ವರ್ಸ ಇದನ್ನ ಹೇಳ್ಕೊಂಡೇ ಮಲಗಿದೀನಿ," ಎಂದರು ಆರೋಗ್ಯಮ್ಮ. "ನೀನು ಹೇಳ್ಬುಟ್ಟು ಮರೆತ್ಕೊಂಡೆ. ಈಗ ಹೇಳು, ನನ್ ಹಿಂದೆ."

ಅತ್ತೆ ಮೊದಲ ಸಲ ಎರಡು ಮಾತಿಗೇ ತಪ್ಪಿದರು. ಎರಡನೇ ಸಲ ಅರ್ಧಕ್ಕೆ ನಿಂತರು. ಆರೋಗ್ಯಮ್ಮ ಬಿಡಲಿಲ್ಲ. ಅತ್ತೆಗೆ ಅಷ್ಟೂ ಬಾಯಿಪಾಠವಾಗುವ ತನಕ ಅವತ್ತು ನಮ್ಮನ್ನು ಏಳಗೊಡಲಿಲ್ಲ.